‘ಡಾಕ್ಟರ್ ಹೇಳಿದ್ರು’ ಅಂತ ಸುಳ್ಳು ಹೇಳಿದ 19 ತಿಂಗಳು

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿದೆಯೋ, ಮೆಟ್ರೋದಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತಿದೀರೋ, ಪಾತ್ರೆ ತೊಳೀತಾ ಕೇಳ್ತಿದೀರೋ, ಅಂತೂ ಕಿವಿ ನನಗೆ ಕೊಟ್ಟಿದೀರಿ. ಥ್ಯಾಂಕ್ಸ್.

ಹೋದ ವರ್ಷ ಒಬ್ಬರು ಕೇಳುಗರು ಮೆಸೇಜ್ ಮಾಡಿದ್ರು. ‘ಮೇಡಂ, ದಯವಿಟ್ಟು ಮೈಕ್ ಬದಲಾಯಿಸಿ. ಸ, ಶ, ಷ ಮೂರೂ ಒಂದೇ ಥರ ಕೇಳಿಸ್ತಿದೆ’ ಅಂತ. ಶ ಮತ್ತು ಷ ಬೇರೆ ಬೇರೆಯಾಗಿ ಹೇಳೋರು ನಮ್ಮಲ್ಲಿ ಎಷ್ಟು ಜನ ಇದಾರೆ ಅನ್ನೋದು ಬೇರೆ ಮಾತು, ಬಿಡಿ. ನಾನು ‘ಖಂಡಿತ ಸರ್, ಟೆಕ್ನಿಕಲ್ ಟೀಮಿಗೆ ಹೇಳ್ತೀನಿ’ ಅಂತ ಉತ್ತರ ಕೊಟ್ಟೆ. ಮೈಕ್ ಚೆನ್ನಾಗೇ ಇತ್ತು. ಆ ಹೊತ್ತಿಗೆ ನನ್ನ ಬಾಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬ್ರಾಕೆಟ್ಟು, ಮೇಲೊಂದು ಕೆಳಗೊಂದು ತಂತಿ, ಎರಡು ಕಡೆ ರಬ್ಬರು ಇದ್ದವು. ಅದನ್ನ ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ತಪ್ಪು ಮೈಕ್ ಮೇಲೆ ಹಾಕಿದೆ.

ಆ ಸರ್ ಈಗಲೂ ಕೇಳ್ತಿದ್ರೆ, ಸಾರಿ ಸರ್. ಇವತ್ತಿನ ಎಪಿಸೋಡು ಅದರ ಬಗ್ಗೇನೇ. ಹಲ್ಲಿಗೆ ಬ್ರೇಸಸ್. ನಮ್ಮೂರ ಕಡೆ ಹೇಳೋ ಹಾಗೆ, ಕ್ಲಿಪ್ಪು. ಅದೂ ಸ್ಕೂಲ್ ಮಕ್ಕಳ ಕ್ಲಿಪ್ಪಲ್ಲ. 34 ವರ್ಷಕ್ಕೆ, ಮದುವೆಯಾಗಿ, ಯಾವ ಕಾಯಿಲೆಯೂ ಇಲ್ಲದೆ, ನನಗೆ ಬೇಕು ಅಂತ ನಾನೇ ಹಾಕಿಸಿಕೊಂಡ ಕ್ಲಿಪ್ಪು.

ಮೊದಲು ಆ ಹಲ್ಲುಗಳ ಪರಿಚಯ ಮಾಡಿಸ್ತೀನಿ. ನಮ್ಮದು ತಿಪಟೂರು ಕಡೆ. ನಮ್ಮ ಮನೆಯಲ್ಲಿ ಎರಡು ಆಸ್ತಿ ವಂಶಪಾರಂಪರ್ಯವಾಗಿ ಬಂದಿವೆ. ಒಂದು, ಒಂದೂವರೆ ಎಕರೆ ತೆಂಗಿನ ತೋಟ. ಇನ್ನೊಂದು, ಉಬ್ಬುಹಲ್ಲು. ಅಜ್ಜಿಯಿಂದ ಅಮ್ಮನಿಗೆ, ಚಿಕ್ಕಮ್ಮನಿಗೆ, ಅಲ್ಲಿಂದ ನನಗೆ, ಚಿಕ್ಕಮ್ಮನ ಮಗಳಿಗೆ. ಮೇಲಿನ ಮುಂದಿನ ಹಲ್ಲು ಸ್ವಲ್ಪ ಮುಂದೆ, ಎಡಗಡೆ ಒಂದು ಕೋರೆಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೂತ ಹಾಗೆ. ಸ್ಕೂಲಲ್ಲಿ ನನ್ನ ಹೆಸರು ‘ಹಲ್ಲುಬ್ಬಿ’. ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪ ಒಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರು. ಕ್ಲಿಪ್ ಹಾಕಬಹುದು, 12 ಸಾವಿರ ಆಗುತ್ತೆ ಅಂದ್ರು. ಆ ವರ್ಷ ಕೊಬ್ಬರಿಗೆ ಬೆಲೆ ಇರಲಿಲ್ಲ. ಅಪ್ಪ ದಾರಿಯಲ್ಲಿ ‘ನೋಡಾಣ ಕಣಮ್ಮ’ ಅಂದ್ರು. ರೈತರ ಮನೆಯಲ್ಲಿ ‘ನೋಡಾಣ’ ಅಂದ್ರೆ ಏನರ್ಥ ಅಂತ ಹುಟ್ಟಿದ ಮಗುವಿಗೂ ಗೊತ್ತಿರುತ್ತೆ.

ನಾನು ಅಳಲಿಲ್ಲ, ಹಟ ಮಾಡಲಿಲ್ಲ. ಆದರೆ ಒಂದು ಅಭ್ಯಾಸ ಶುರುವಾಯ್ತು. ನಗುವಾಗ ಬಲಗೈ ತಾನಾಗೇ ಮೇಲೆ ಬಂದು ಬಾಯಿ ಮುಚ್ಚೋದು. ನನ್ನ ಮದುವೆ ಆಲ್ಬಂ ತೆಗೆದ್ರೆ, 300ಕ್ಕೂ ಹೆಚ್ಚು ಫೋಟೋ ಇವೆ, ಒಂದರಲ್ಲೂ ಹಲ್ಲು ಕಾಣಲ್ಲ. ಧಾರೆ ಎರೆಯುವಾಗ ಯಾರೋ ಜೋಕ್ ಮಾಡಿದಾರೆ, ಎಲ್ಲರೂ ಬಾಯ್ತುಂಬ ನಗ್ತಿದಾರೆ, ನಾನು ತುಟಿ ಬಿಗಿ ಹಿಡಿದಿದೀನಿ. ನೋಡಿದೋರು ಹುಡುಗಿಗೆ ಮದುವೆ ಇಷ್ಟ ಇರಲಿಲ್ಲವೇನೋ ಅನ್ಕೋಬೇಕು.

ಹೀಗೆ ಇಪ್ಪತ್ತು ವರ್ಷ. ಆಮೇಲೆ ಒಂದು ದಿನ ಇನ್ಕ್ರಿಮೆಂಟ್ ಬಂತು, ಸ್ಕೂಟರ್ ಸಾಲ ತೀರಿತ್ತು, ಬೆಂಗಳೂರಲ್ಲಿ ಆಫೀಸಿನ ಪಕ್ಕದ ರಸ್ತೆಯಲ್ಲೇ ಒಂದು ಡೆಂಟಲ್ ಕ್ಲಿನಿಕ್ ಇತ್ತು. ಒಳಗೆ ಹೋದೆ. ಅಷ್ಟೇ. ದೊಡ್ಡ ಕಥೆಯೇನಿಲ್ಲ.

ಆ ಡಾಕ್ಟರ್ ಬಗ್ಗೆ ಹೇಳಲೇಬೇಕು. ಎಂಡಿಎಸ್ ಮಾಡಿದ ಆರ್ಥೊಡಾಂಟಿಸ್ಟ್, ಅಂದ್ರೆ ಬಿಡಿಎಸ್ ಆದಮೇಲೆ ಮೂರು ವರ್ಷ ಹಲ್ಲು ಸರಿಸೋದನ್ನೇ ಓದಿದೋರು. ಎಕ್ಸ್-ರೇ ತೆಗೆದ್ರು, ಬಾಯಿಯ ಅಚ್ಚು ತೆಗೆದ್ರು, ಸ್ಕೇಲ್ ಹಿಡಿದು ಅಳೆದ್ರು. ‘ಮೇಡಂ, ನಿಮ್ಮ ಮೇಲಿನ ಹಲ್ಲು ಕೆಳಗಿನದಕ್ಕಿಂತ 5 ಮಿಲಿಮೀಟರ್ ಮುಂದಿದೆ. ಹುಳುಕಿಲ್ಲ, ಒಸಡು ಚೆನ್ನಾಗಿದೆ, ಅಗಿಯೋಕೆ ತೊಂದರೆ ಇಲ್ಲ. ವೈದ್ಯಕೀಯವಾಗಿ ನೀವು ಇದನ್ನ ಮಾಡಿಸಲೇಬೇಕು ಅಂತೇನಿಲ್ಲ. ಮಾಡಿಸ್ಕೋಬೇಕು ಅನ್ನಿಸಿದ್ರೆ ಮಾಡಬಹುದು. ನಿಮ್ಮಿಷ್ಟ’ ಅಂದ್ರು.

‘ಮಾಡಿಸಲೇಬೇಕಾ’ ಅಂತ ನಾನು ಮತ್ತೆ ಕೇಳಿದೆ. ಮನಸ್ಸಲ್ಲಿ, ದಯವಿಟ್ಟು ಹೌದು ಅನ್ನಿ ಡಾಕ್ಟ್ರೇ ಅಂತ ಬೇಡ್ಕೋತಿದ್ದೆ. ಅವರು ನಕ್ಕು ಒಂದು ವಿಷಯ ಹೇಳಿದ್ರು. ಈ ‘ಅಗತ್ಯ’ವನ್ನೂ ಅಳೆಯೋಕೆ ಒಂದು ಅಳತೆಗೋಲಿದೆಯಂತೆ. ಬ್ರಿಟನ್ನಿನಲ್ಲಿ 1989ರಲ್ಲಿ ಬ್ರೂಕ್ ಮತ್ತು ಶಾ ಎಂಬ ಇಬ್ಬರು ರೂಪಿಸಿದ ಸೂಚ್ಯಂಕ ಅದು. ಹಲ್ಲಿನ ಸ್ಥಿತಿಗೆ 1ರಿಂದ 5ರವರೆಗೆ ದರ್ಜೆ ಕೊಡ್ತಾರೆ. 4 ಮತ್ತು 5 ಅಂದ್ರೆ ಚಿಕಿತ್ಸೆ ಬೇಕೇ ಬೇಕು, 1 ಮತ್ತು 2 ಅಂದ್ರೆ ಅಗತ್ಯ ಇಲ್ಲ ಅಥವಾ ಅಲ್ಪ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 18 ದಾಟದ ಮಕ್ಕಳಿಗೆ ಉಚಿತವಾಗಿ ಕ್ಲಿಪ್ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸೋದು ಇದರ ಮೇಲೆ. ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಮಧ್ಯದಲ್ಲಿರೋ 3ನೇ ದರ್ಜೆಯವರ ವಿಷಯದಲ್ಲಿ ಹತ್ತು ಫೋಟೋಗಳ ಒಂದು ಸಾಲು ಇಟ್ಕೊಂಡು, ಚೆಂದದ ಹಲ್ಲಿನಿಂದ ಚೆಂದವಲ್ಲದ ಹಲ್ಲಿನವರೆಗೆ, ನಿನ್ನದು ಯಾವುದಕ್ಕೆ ಹತ್ತಿರ ಅಂತ ನೋಡ್ತಾರೆ. ಅಂದ್ರೆ ಕಾಣೋದೂ ಒಂದು ಲೆಕ್ಕಕ್ಕೆ ಬರೋ ವಿಷಯವೇ ಅಂತ ಅಲ್ಲಿನ ಸರ್ಕಾರವೂ ಒಪ್ಪಿಕೊಂಡಿದೆ.

ನನ್ನ ದರ್ಜೆ? 2. ಅಗತ್ಯ ಅಂತ ಹೇಳ್ಕೊಳ್ಳೋಕೆ ದಾರಿಯೇ ಇರಲಿಲ್ಲ.

ಆದ್ರೂ ಹಾಕಿಸ್ಕೊಂಡೆ. ಕ್ಲಿನಿಕ್ಕಿನಿಂದ ಹೊರಗೆ ಬಂದು ಮನೆಗೆ ಹೋಗುವಷ್ಟರಲ್ಲಿ ಸುಳ್ಳು ರೆಡಿಯಾಗಿತ್ತು. ಆಫೀಸಲ್ಲಿ ‘ಬೈಟ್ ಪ್ರಾಬ್ಲಂ’ ಅಂದೆ. ಅತ್ತೆಗೆ ‘ದವಡೆ ನೋವು’ ಅಂದೆ. ಅತ್ತೆ ಪಾಪ, ಲವಂಗದೆಣ್ಣೆ ತಂದು ಕೊಟ್ರು. ಗಂಡನಿಗೆ ಮಾತ್ರ ನಿಜ ಗೊತ್ತಿತ್ತು. ‘ಇದ್ದಿದ್ದು ಇದ್ದ ಹಾಗೆ ಹೇಳಿದ್ರೆ ಏನಾಗುತ್ತೆ’ ಅಂತ ಅವನು ಕೇಳಿದ. ಏನಾಗುತ್ತೆ ಅಂದ್ರೆ, ಒಬ್ಬ ದೂರದ ಸಂಬಂಧಿಗೆ ಹೇಗೋ ಗೊತ್ತಾಗಿ ಅವರು ಕೇಳಿದ ಪ್ರಶ್ನೆ ಇದು: ‘ಮದುವೆ ಆಗಿದೆಯಲ್ಲಮ್ಮ, ಇನ್ಯಾರಿಗೆ ತೋರ್ಸಕ್ಕೆ?’

ಕಾಯಿಲೆಗೆ 70 ಸಾವಿರ ಖರ್ಚು ಮಾಡಿದ್ರೆ ಜನ ಪಾಪ ಅಂತಾರೆ. ಇಷ್ಟಕ್ಕೆ ಖರ್ಚು ಮಾಡಿದ್ರೆ ಶೋಕಿ ಅಂತಾರೆ. ನನಗೆ ಶೋಕಿ ಅನ್ನಿಸ್ಕೊಳ್ಳೋಕೆ ಧೈರ್ಯ ಇರಲಿಲ್ಲ.

ಸರಿ, ಕ್ಲಿಪ್ ಹಾಕೋದು ಹೇಗೆ, ಹಲ್ಲು ಸರಿಯೋದು ಹೇಗೆ ಅಂತ ಸ್ವಲ್ಪ ಹೇಳ್ತೀನಿ. ಯಾಕಂದ್ರೆ ನನಗೂ ಗೊತ್ತಿರಲಿಲ್ಲ. ಹಲ್ಲು ಅಂದ್ರೆ ಸಿಮೆಂಟಲ್ಲಿ ಹೂತ ಕಂಬ ಅನ್ಕೊಂಡಿದ್ದೆ. ಹಾಗಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ಮಧ್ಯೆ ಬಹಳ ತೆಳುವಾದ ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ, ಒತ್ತಡ ಬೀಳುವ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸ ಶುರು ಮಾಡುತ್ತವೆ. ಹಲ್ಲು ಬಿಟ್ಟು ಬಂದ ಕಡೆ ಹೊಸ ಮೂಳೆ ಕಟ್ಟುವ ಕೋಶಗಳು ಬರುತ್ತವೆ. ಮುಂದೆ ಕೆಡವುತ್ತಾ, ಹಿಂದೆ ಕಟ್ಟುತ್ತಾ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಪ್ರಯಾಣ ಮಾಡುತ್ತದೆ. ಒಸಡು, ಮೂಳೆ ಆರೋಗ್ಯವಾಗಿದ್ದರೆ ಇದು ಯಾವ ವಯಸ್ಸಲ್ಲೂ ನಡೆಯುತ್ತೆ. ಅದಕ್ಕೇ 34ಕ್ಕೂ ಆಗುತ್ತೆ, 50ಕ್ಕೂ ಆಗುತ್ತೆ.

ಆ ತಂತಿಗೂ ಒಂದು ಕಥೆ ಇದೆ. ಶುರುವಿನಲ್ಲಿ ಹಾಕುವ ತೆಳು ತಂತಿ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹ. ಎಷ್ಟು ಬಗ್ಗಿಸಿದ್ರೂ ತನ್ನ ಮೊದಲಿನ ಆಕಾರ ನೆನಪಿಟ್ಟುಕೊಂಡು ವಾಪಸ್ ಬರುತ್ತೆ. ಇದನ್ನ ಕಂಡುಹಿಡಿದಿದ್ದು ಹಲ್ಲಿನ ಡಾಕ್ಟರುಗಳಲ್ಲ, ಅಮೆರಿಕದ ನೌಕಾಪಡೆಯ ಪ್ರಯೋಗಾಲಯ. ಹಲ್ಲಿಗೆ ಬಂದಿದ್ದು 1970ರ ದಶಕದಲ್ಲಿ. ಸೊಟ್ಟ ಹಲ್ಲುಗಳ ಮೇಲೆ ಸೊಟ್ಟಗೆ ಕಟ್ಟಿದ ತಂತಿ ನೆಟ್ಟಗಾಗೋಕೆ ಹಟ ಮಾಡುತ್ತೆ, ಜೊತೆಗೆ ಹಲ್ಲನ್ನೂ ಎಳ್ಕೊಂಡು ಹೋಗುತ್ತೆ. ನೋವು? ಪ್ರತಿ ಸಲ ಬಿಗಿ ಮಾಡಿದ ಮೇಲೆ ಮೂರ್ನಾಲ್ಕು ದಿನ, ಬಾಳೆಹಣ್ಣು ಕಚ್ಚಿದ್ರೂ ಕಣ್ಣಲ್ಲಿ ನೀರು. ಆಮೇಲೆ ಮರೆತುಹೋಗುತ್ತೆ.

ನಾನು ಹಾಕಿಸ್ಕೊಂಡಿದ್ದು ಸೆರಾಮಿಕ್. ಹಲ್ಲಿನ ಬಣ್ಣದ್ದು, ದೂರಕ್ಕೆ ಕಾಣಲ್ಲ ಅಂತ. ಅಲೈನರ್‌ಗೆ, ಅಂದ್ರೆ ತೆಗೆದು ಹಾಕೋ ಪಾರದರ್ಶಕ ಪ್ಲಾಸ್ಟಿಕ್ ಕವಚಕ್ಕೆ, ನನಗೆ ಹೇಳಿದ್ದು 1.8 ಲಕ್ಷ. ಆಗಲ್ಲ ಅಂದೆ. ಅಂದಹಾಗೆ ಅಲೈನರ್ ಹುಟ್ಟಿದ್ದೇ ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸ್ಕೊಂಡ ಒಬ್ಬರಿಂದ. ಝಿಯಾ ಚಿಶ್ತಿ ಅನ್ನೋರು ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸ್ಕೊಂಡಿದ್ರು. ಕ್ಲಿಪ್ ತೆಗೆದಮೇಲೆ ಹಾಕೋ ರಿಟೇನರ್ ಬಿಟ್ರೆ ಹಲ್ಲು ಸ್ವಲ್ಪ ಸರಿಯುತ್ತೆ, ಮತ್ತೆ ಹಾಕಿದ್ರೆ ವಾಪಸ್ ಬರುತ್ತೆ ಅಂತ ಗಮನಿಸಿದ್ರು. ಹಾಗಾದ್ರೆ ಪ್ಲಾಸ್ಟಿಕ್ಕಿನಿಂದಲೇ ಹಲ್ಲು ಸರಿಸಬಹುದಲ್ವಾ ಅಂತ 1997ರಲ್ಲಿ ಕೆಲ್ಸಿ ವರ್ತ್ ಜೊತೆ ಸೇರಿ ಶುರು ಮಾಡಿದ ಕಂಪನಿಯೇ ಇನ್‌ವಿಸಲೈನ್ ತಯಾರಿಸೋದು.

ಸೆರಾಮಿಕ್‌ನ ಹಣೆಬರಹ ನನಗೆ ಯಾರೂ ಹೇಳಿರಲಿಲ್ಲ. ಬ್ರಾಕೆಟ್ ಬಿಳಿ ಇರುತ್ತೆ, ಆದರೆ ತಂತಿಯನ್ನ ಬ್ರಾಕೆಟ್ಟಿಗೆ ಕಟ್ಟೋ ಪುಟ್ಟ ರಬ್ಬರ್ ಉಂಗುರ ಇದೆಯಲ್ಲ, ಅದು ಅರಿಶಿನ ಕುಡಿಯುತ್ತೆ. ಒಂದು ಸಲ ಹುಳಿ, ಒಂದು ಸಲ ಚಿತ್ರಾನ್ನ, ಮುಗೀತು. ಕಾಣಬಾರದು ಅಂತ ಹೆಚ್ಚು ದುಡ್ಡು ಕೊಟ್ಟು ಹಾಕಿಸ್ಕೊಂಡ ಕ್ಲಿಪ್ಪು ಗೌರಿಹಬ್ಬದ ಅರಿಶಿನ ದಾರದ ಥರ ಹೊಳೀತಿತ್ತು.

ಊಟದ ವಿಷಯದಲ್ಲಿ ನಾವು ಹಳೇ ಮೈಸೂರು ಕಡೆಯವರು ಪುಣ್ಯವಂತರು. ರಾಗಿಮುದ್ದೆಯನ್ನ ಅಗಿಯೋ ಹಾಗೇ ಇಲ್ಲ, ನುಂಗೋದು. 19 ತಿಂಗಳು ಮುದ್ದೆ, ಸೊಪ್ಪಿನ ಸಾರು ನನ್ನನ್ನ ಕಾಪಾಡಿದವು. ಆದರೆ ಚಕ್ಕುಲಿ ಇಲ್ಲ, ಕೋಡುಬಳೆ ಇಲ್ಲ, ಸಂಕ್ರಾಂತಿಗೆ ಕಬ್ಬು ಇಲ್ಲ, ಎಳ್ಳುಬೆಲ್ಲದಲ್ಲಿ ಕೊಬ್ಬರಿ ಚೂರು ಆರಿಸಿ ಬಿಡಬೇಕು. ತಿಪಟೂರಿನವಳು ಕೊಬ್ಬರಿ ಬಿಡೋದು ಅಂದ್ರೇನು! ಕಾರ್ತೀಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿ, ಸುತ್ತ ರಾಶಿ ರಾಶಿ ಹುರಿದ ಕಡಲೆಕಾಯಿ, ನಾನು ಬೇಯಿಸಿದ್ದು ಹುಡುಕ್ತಾ ಓಡಾಡಿದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇತ್ತು, ಮಧ್ಯೆ ತಂತಿ ಇತ್ತು.

ಈಗ ಕಷ್ಟದ ಭಾಗಕ್ಕೆ ಬರ್ತೀನಿ.

ಮುಂದೆ ಬಂದ ಹಲ್ಲು ಹಿಂದಕ್ಕೆ ಹೋಗಬೇಕು ಅಂದ್ರೆ ಜಾಗ ಬೇಕು. ಡಾಕ್ಟರ್ ಎರಡು ದಾರಿ ಹೇಳಿದ್ರು. ಹಲ್ಲುಗಳ ಮಧ್ಯೆ ಕೂದಲೆಳೆಯಷ್ಟು ಉಜ್ಜಿ ಸ್ವಲ್ಪ ಜಾಗ ಮಾಡಬಹುದು, ಆಗ ಸಾಲು ನೆಟ್ಟಗಾಗುತ್ತೆ, ಉಬ್ಬು ಪೂರ್ತಿ ಹೋಗಲ್ಲ. ಇಲ್ಲ ಅಂದ್ರೆ ಕೋರೆಹಲ್ಲಿನ ಹಿಂದಿನ ಹಲ್ಲು ಎರಡು ಕಡೆ ಒಂದೊಂದು ಕೀಳಬೇಕು. ಚೆನ್ನಾಗಿರೋ ಹಲ್ಲು. ಏನೂ ಆಗದ ಹಲ್ಲು. ಮತ್ತೆ ಬರದ ಹಲ್ಲು. ಅಪಾಯಗಳನ್ನೂ ಮುಚ್ಚಿಡಲಿಲ್ಲ. ಬೇರಿನ ತುದಿ ಸ್ವಲ್ಪ ಸವೆಯಬಹುದು, ಸರಿಯಾಗಿ ಉಜ್ಜದಿದ್ರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಉಳಿಯಬಹುದು, ಒಸಡು ಕೆಳಗೆ ಜಾರಬಹುದು. ‘ಒಂದು ವಾರ ಯೋಚನೆ ಮಾಡಿ ಬನ್ನಿ’ ಅಂದ್ರು. ನಾನು ಮೂರನೇ ದಿನಕ್ಕೇ ಹೋದೆ. ಕೀಳಿಸ್ದೆ.

ಆಮೇಲೆ ಕೆಲವು ತಿಂಗಳು ನಾನು ಮೊದಲಿಗಿಂತ ಕೆಟ್ಟದಾಗಿ ಕಾಣ್ತಿದ್ದೆ. ಎರಡು ಕಡೆ ದೊಡ್ಡ ಕಿಂಡಿ. ಚೆಂದ ಕಾಣೋಕೆ ಹೋಗಿ ಹೀಗಾಯ್ತಲ್ಲ ಅಂತ ಬಾತ್‌ರೂಮ್ ಕನ್ನಡಿ ಮುಂದೆ ಅತ್ತಿದೀನಿ.

ಆ ಸಮಯದಲ್ಲಿ ಊರಿಗೆ ಹೋದೆ. ಅಜ್ಜಿಗೆ 86. ಬಾಯಲ್ಲಿ ಒಂದೂ ಹಲ್ಲಿಲ್ಲ. ಎಲೆ ಅಡಿಕೆನ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕ್ಕೊಳ್ಳೋದು. ನನ್ನ ನೋಡಿದ ತಕ್ಷಣ, ‘ಇದೇನ್ ಮಗ, ಹಲ್ಲಿಗೆ ತಂತಿಬೇಲಿ ಹಾಕ್ಸಿದೀಯ? ದನ ಏನಾರ ನುಗ್ತಾವಾ?’ ಅಂತು. ಮನೆಯವರೆಲ್ಲ ನಕ್ರು. ಆಮೇಲೆ ಕಿಂಡಿ ನೋಡಿ, ‘ಹಲ್ಲೆಲ್ಲಿ?’ ಅಂತ ಕೇಳ್ತು.

‘ಹುಳುಕಾಗಿತ್ತಜ್ಜಿ, ಕೀಳ್ಸಿದ್ರು’ ಅಂದೆ.

‘ಕಿತ್ತಿದ್ದನ್ನ ಏನ್ ಮಾಡ್ದೆ? ಎಲ್ಲೆಂದ್ರಲ್ಲಿ ಬಿಸಾಕ್‌ಬಾರ್ದು.’

ನಿಮಗೂ ನೆನಪಿರಬಹುದು, ಚಿಕ್ಕಂದಿನಲ್ಲಿ ಹಾಲುಹಲ್ಲು ಬಿದ್ರೆ ಸಗಣಿಯಲ್ಲಿ ಉಂಡೆ ಕಟ್ಟಿ ಹೆಂಚಿನ ಮೇಲೆ ಎಸೀತಿದ್ವಿ. ಅಜ್ಜಿಗೆ ಆ ಲೆಕ್ಕ. ಕ್ಲಿನಿಕ್ಕಲ್ಲಿ ಪುಟ್ಟ ಜಿಪ್ ಕವರಲ್ಲಿ ಹಾಕಿ ಕೊಟ್ಟಿದ್ದು ನನ್ನ ಪರ್ಸಲ್ಲೇ ಉಳ್ಕೊಂಡಿತ್ತು. ತೆಗೆದು ಕೊಟ್ಟೆ. ಯೋಚನೆ ಮಾಡದೆ ಕೊಟ್ಟುಬಿಟ್ಟೆ. ಅಜ್ಜಿ ಕನ್ನಡಕ ಹಾಕ್ಕೊಂಡು, ಬಾಗಿಲ ಹತ್ರ ಬೆಳಕಿಗೆ ಹೋಗಿ, ಹಲ್ಲನ್ನ ಬೆರಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡ್ತು. ಹಲ್ಲು ಮುತ್ತಿನ ಥರ ಇತ್ತು. ಒಂದು ಕಪ್ಪು ಚುಕ್ಕೆ ಇಲ್ಲ.

ಅಜ್ಜಿ ನನ್ನ ಮುಖ ನೋಡ್ತು. ನಾನು ಕುಟ್ಟಾಣಿ ನೋಡ್ತಿದ್ದೆ. ‘ಹೂಂ’ ಅಂದು ಕವರನ್ನ ಸೊಂಟದ ಚೀಲಕ್ಕೆ ಸೇರಿಸ್ಕೊಂಡು ಒಳಗೆ ಹೋಯ್ತು. ಇವತ್ತಿನವರೆಗೂ ಯಾರ ಹತ್ರನೂ ಆ ಮಾತು ಎತ್ತಿಲ್ಲ.

ಅವತ್ತೇ ಅಲ್ಲಿ ಚಿಕ್ಕಮ್ಮನೂ ಇದ್ರು. ಅವರು ಟೈಲರಿಂಗ್ ಮಾಡ್ತಾರೆ, ಮಗಳು ಬಿಕಾಂ ಎರಡನೇ ವರ್ಷ. ‘ಯಾಕಂತೆ, ಏನಂದ್ರು ಡಾಕ್ಟ್ರು’ ಅಂತ ಕೇಳಿದ್ರು. ನಾನು ಮಾತಿನ ಭರದಲ್ಲಿ, ‘ನಮ್ಮನೆಯೋರ ಹಲ್ಲು ಹೀಗಿರೋದಕ್ಕೆ ಕ್ಲೀನ್ ಆಗಲ್ವಂತೆ ಚಿಕ್ಕಮ್ಮ, ಈಗ ಮಾಡಿಸ್ದಿದ್ರೆ ಮುಂದೆ ಎಲ್ಲಾ ಹಲ್ಲೂ ಹೋಗ್ಬೋದು ಅಂದ್ರು’ ಅಂದುಬಿಟ್ಟೆ. ಯಾರೂ ಹಾಗಂದಿರಲಿಲ್ಲ. ಸುಳ್ಳಿಗೆ ಸ್ವಲ್ಪ ತೂಕ ಬರಲಿ ಅಂತ ನಾನೇ ಸೇರಿಸಿದ್ದು.

ಆರು ತಿಂಗಳಾದಮೇಲೆ ಚಿಕ್ಕಮ್ಮನ ಫೋನ್ ಬಂತು. ಧ್ವನಿಯಲ್ಲಿ ಖುಷಿ. ‘ನಿನ್ ತಂಗಿಗೂ ಕ್ಲಿಪ್ ಹಾಕ್ಸ್ತಿದೀನಿ ಕಣೇ. ನೀನು ಹೇಳ್ದಾಗಿಂದ ನಂಗೆ ನಿದ್ದೆನೇ ಇಲ್ಲ. ಅವ್ಳದ್ದೂ ಅದೇ ಹಲ್ಲು ತಾನೆ. ನಿಂಗೆ ಈ ವಯಸ್ಸಲ್ಲಿ ಎರಡು ಕೀಳಂಗಾಯ್ತು, ಅವ್ಳಿಗಾದ್ರೂ ತಪ್ಲಿ. ಚೀಟಿ ಕೂಗ್ಬಿಟ್ಟೆ.’

ಚೀಟಿ ಕೂಗೋದು ಗೊತ್ತಿಲ್ಲದೋರಿಗೆ ಹೇಳ್ತೀನಿ. 1 ಲಕ್ಷದ ಚೀಟಿ. ಕೊನೇ ತನಕ ಕಾದ್ರೆ ಹೆಚ್ಚುಕಡಿಮೆ ಪೂರ್ತಿ ಸಿಗುತ್ತೆ. ಮಧ್ಯದಲ್ಲಿ ಅರ್ಜೆಂಟಾಗಿ ಬೇಕು ಅಂದ್ರೆ ಹರಾಜಲ್ಲಿ ಕಮ್ಮಿಗೆ ಕೂಗಿ ತಗೋಬೇಕು. ಚಿಕ್ಕಮ್ಮ 78 ಸಾವಿರಕ್ಕೆ ತಗೊಂಡಿದ್ರು. ಅಂದ್ರೆ ನನ್ನ ಒಂದು ವಾಕ್ಯಕ್ಕೆ ಅವರು ಕಳ್ಕೊಂಡಿದ್ದು 22 ಸಾವಿರ. ಬ್ಲೌಸ್ ಹೊಲಿಗೆ ಲೆಕ್ಕದಲ್ಲಿ ಎಷ್ಟಾಗುತ್ತೆ ಅಂತ ಆ ರಾತ್ರಿ ಹಾಕ್ತಾ ಕೂತಿದ್ದೆ. ಪೂರ್ತಿ ಮಾಡಲಿಲ್ಲ.

ಫೋನಲ್ಲಿ ಹೇಳೋ ವಿಷಯ ಅಲ್ಲ ಅನ್ನಿಸ್ತು. ಶನಿವಾರ ಬೆಳಗ್ಗೆ ಟ್ರೇನ್ ಹತ್ತಿದೆ. ಚಿಕ್ಕಮ್ಮ ಮಿಷನ್ ಮುಂದೆ ಕೂತಿದ್ರು. ಕಾಫಿ ಕುಡಿದು, ಆಚೆ ಈಚೆ ಮಾತಾಡಿ, ಕೊನೆಗೆ ಹೇಳಿದೆ.

ಮಿಷನ್ ನಿಂತ್ಹೋಯ್ತು. ‘ಅಂದ್ರೆ ನಿಂಗೆ ಏನೂ ಆಗಿರ್ಲಿಲ್ವಾ?’

‘ಇಲ್ಲ ಚಿಕ್ಕಮ್ಮ.’

‘ಹಲ್ಲು ಹೋಗ್ತದೆ ಅಂದ್ರಂತಲ್ಲ?’

‘ಯಾರೂ ಅನ್ನಲಿಲ್ಲ. ನಾನೇ ಹೇಳಿದ್ದು.’

‘ಮತ್ಯಾಕೆ ಹಾಕ್ಸ್ಕೊಂಡೆ?’

‘ಚೆನ್ನಾಗಿ ಕಾಣ್ಬೇಕು ಅನ್ನಿಸ್ತು.’

ಇಷ್ಟು ಚಿಕ್ಕ ವಾಕ್ಯ ಹೇಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಚಿಕ್ಕಮ್ಮ ಬೈತಾರೆ ಅನ್ಕೊಂಡಿದ್ದೆ. ಬೈಯಲಿಲ್ಲ. ಕತ್ತರಿ ಎತ್ತಿ ಪಕ್ಕಕ್ಕಿಟ್ಟು, ‘ಅಷ್ಟು ಹೇಳಕ್ಕೆ ಏನಾಗಿತ್ತೇ ನಿಂಗೆ’ ಅಂದ್ರು. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು.

ನಿಜವಾಗಿ ಬೈದಿದ್ದು ನನ್ನ ತಂಗಿ. ಬಾಗಿಲ ಹತ್ರ ನಿಂತು ಎಲ್ಲಾ ಕೇಳಿಸ್ಕೊಂಡಿದ್ಲು. ನಾನು ಅವಳಿಗೆ, ‘ನಿಂಗಿದು ಬೇಡ ಕಣೇ, ಆ ದುಡ್ಡು ಓದಿಗೆ ಇಟ್ಕೊ’ ಅಂತ ಬುದ್ಧಿ ಹೇಳೋಕೆ ಶುರು ಮಾಡಿದ್ದೆ. ಅವಳು ತಿರುಗಿಸಿ ಕೇಳಿದ್ಲು: ‘ಅಕ್ಕ, ನಿಂಗೆ ಚೆನ್ನಾಗ್ ಕಾಣ್ಬೇಕು ಅನ್ನಿಸ್ತು, ನೀನು ಹಾಕ್ಸ್ಕೊಂಡೆ. ನಂಗೂ ಅನ್ನಿಸ್ಬಾರ್ದಾ? ನಂಗೇನು ಕಾಲೇಜಲ್ಲಿ ಯಾರೂ ಏನೂ ಅನ್ನಲ್ಲ ಅನ್ಕೊಂಡಿದೀಯಾ? ಸುಳ್ಳು ಹೇಳಿದ್ದು ನಿನ್ ತಪ್ಪು. ಅದಕ್ಕೆ ನಂಗ್ಯಾಕೆ ಬೇಡ?’

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿಸಿ, ಆ ದಿನಗಳಲ್ಲಿ ನಾನು ಓದಿದ್ದನ್ನ ಹೇಳ್ತೀನಿ. ಇಷ್ಟಕ್ಕೆ ಹಾಕಿಸ್ಕೊಂಡವರು ಯಾರ್ಯಾರು ಅಂತ ಹುಡುಕ್ತಿದ್ದೆ, ಸಮಾಧಾನಕ್ಕೆ. ಅಮೆರಿಕದ ಗಾಯಕಿ ಗ್ವೆನ್ ಸ್ಟೆಫಾನಿ 2000ದ ಸುಮಾರಿಗೆ, 30ರ ವಯಸ್ಸಲ್ಲಿ, ಹೆಸರು ಮಾಡಿದಮೇಲೆ, ಫಳಫಳ ಹೊಳೆಯೋ ಲೋಹದ ಕ್ಲಿಪ್ ಹಾಕ್ಕೊಂಡೇ ವೇದಿಕೆ ಮೇಲೆ ಬಂದ್ರು. ಟಾಮ್ ಕ್ರೂಸ್ 2002ರಲ್ಲಿ, 40ರ ಹೊಸ್ತಿಲಲ್ಲಿ, ಕ್ಲಿಪ್ ಹಾಕ್ಕೊಂಡು ಕ್ಯಾಮೆರಾ ಮುಂದೆ ನಕ್ಕ ಫೋಟೋಗಳಿವೆ. ಮತ್ತೆ ತಲೆ ತಿರುಗಿಸಿದ್ದು ಜಪಾನ್. ಅಲ್ಲಿ ಮುಂದೆ ಬಂದ ಕೋರೆಹಲ್ಲಿಗೆ ‘ಯಾಏಬಾ’ ಅಂತಾರೆ, ಮುದ್ದಾಗಿ ಕಾಣುತ್ತೆ ಅಂತ. ಕೆಲವು ವರ್ಷದ ಹಿಂದೆ ನೆಟ್ಟಗಿರೋ ಹಲ್ಲಿನ ಮೇಲೆ ಕೃತಕ ಕೋರೆಹಲ್ಲು ಅಂಟಿಸ್ಕೊಳ್ಳೋಕೆ ಅಲ್ಲಿ ಹುಡುಗಿಯರು ಕ್ಲಿನಿಕ್ಕಿಗೆ ದುಡ್ಡು ಕೊಟ್ರು. ನಾನು ತೆಗೆಸೋಕೆ ಕೊಟ್ಟ ಹಲ್ಲು! ತಿಪಟೂರಲ್ಲಿ ಹಲ್ಲುಬ್ಬಿ, ಟೋಕಿಯೋದಲ್ಲಿ ಫ್ಯಾಷನ್.

ಇನ್ನೊಂದು ತುದಿ ಥಾಯ್ಲೆಂಡ್, ಇಂಡೋನೇಷ್ಯಾ. ಅಲ್ಲಿ ಕ್ಲಿಪ್ ಇದ್ರೆ ಮನೆಯಲ್ಲಿ ದುಡ್ಡಿದೆ ಅಂತ ಲೆಕ್ಕ. ಹಾಗಾಗಿ ಹಲ್ಲನ್ನ ಸರಿಸದೇ ಇರೋ, ಬರೀ ತೋರಿಕೆಯ ‘ಫ್ಯಾಷನ್ ಬ್ರೇಸಸ್’ ಅಂಗಡಿಗಳಲ್ಲಿ, ಆನ್‌ಲೈನಲ್ಲಿ ಮಾರಾಟಕ್ಕೆ ಬಂದವು. ಓದದೇ ಇರೋರು ಯಾವುದೋ ತಂತಿ, ಯಾವುದೋ ಅಂಟು ಹಾಕಿ ಕೂರಿಸೋದು. ಹುಡುಗ ಹುಡುಗಿಯರ ಆರೋಗ್ಯ ಹಾಳಾಗಿ, ಥಾಯ್ಲೆಂಡ್ ಸರ್ಕಾರ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲೂ ಈಗ ರೀಲ್ಸ್ ನೋಡಿ ಮನೆಯಲ್ಲೇ ರಬ್ಬರ್‌ಬ್ಯಾಂಡ್ ಹಾಕಿ ಹಲ್ಲಿನ ಸಂದಿ ಮುಚ್ಚೋಕೆ ಹೋಗೋರಿದಾರೆ. ದಯವಿಟ್ಟು ಮಾಡಬೇಡಿ. ಆ ರಬ್ಬರ್ ಮೆಲ್ಲಗೆ ಒಸಡಿನೊಳಗೆ ಜಾರಿ ಬೇರಿನ ಸುತ್ತ ಹತ್ತಿಕೊಂಡು ಒಳ್ಳೇ ಹಲ್ಲನ್ನೇ ಕಳೆಯುತ್ತೆ. ಡಾಕ್ಟರನ್ನ ನೋಡದೆ, ಅಂಚೆಯಲ್ಲಿ ಅಲೈನರ್ ತರಿಸ್ಕೊಳ್ಳೋದೂ ಅಷ್ಟೇ. ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಅನ್ನೋ ಕಂಪನಿ 2023ರ ಡಿಸೆಂಬರಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿದಾಗ, ಅರ್ಧ ಸರಿದ ಹಲ್ಲಿಟ್ಕೊಂಡು ಅದರ ಗ್ರಾಹಕರು ನಡುದಾರಿಯಲ್ಲಿ ನಿಂತ್ರು.

ವಾಪಸ್ ತಿಪಟೂರಿಗೆ. ಅವತ್ತು ಮೂವರೂ ಕೂತು ಲೆಕ್ಕ ಹಾಕಿದ್ವಿ. ಮುಂಗಡ ಕೊಟ್ಟಿರಲಿಲ್ಲ, ಅದೊಂದು ಪುಣ್ಯ. ಅವಳನ್ನ ತುಮಕೂರಿನ ಒಂದು ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದೆ. ಅಲ್ಲಿ ಪಿಜಿ ಮಾಡ್ತಿರೋ ಡಾಕ್ಟರುಗಳು ಪ್ರೊಫೆಸರ್ ಮೇಲ್ವಿಚಾರಣೆಯಲ್ಲಿ ಕ್ಲಿಪ್ ಹಾಕ್ತಾರೆ. ಸಮಯ ಜಾಸ್ತಿ ಹಿಡಿಯುತ್ತೆ, ಕಾಯಬೇಕು, ಒಂದೊಂದು ಹಂತಕ್ಕೂ ಪ್ರೊಫೆಸರ್ ಬಂದು ನೋಡ್ಬೇಕು. ಆದರೆ ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಎಷ್ಟೋ ಕಮ್ಮಿ. ನನ್ನ ಡಾಕ್ಟರ್ ಹೇಳಿದ್ದನ್ನೇ ಅವರೂ ಹೇಳಿದ್ರು: ಬೇಕೇಬೇಕು ಅಂತೇನಿಲ್ಲ, ಇಷ್ಟ ಇದ್ರೆ ಮಾಡೋಣ. ಈ ಸಲ ‘ಮಾಡಿಸಲೇಬೇಕಾ’ ಅಂತ ಯಾರೂ ಎರಡನೇ ಸಲ ಕೇಳಲಿಲ್ಲ. ‘ಹಲ್ಲು ಕೀಳೋದು ಬೇಡ, ಎಷ್ಟಾಗುತ್ತೋ ಅಷ್ಟು ಮಾಡಿ’ ಅಂತ ಅವಳೇ ಹೇಳಿದ್ಲು. ನನಗಿಂತ 15 ವರ್ಷ ಚಿಕ್ಕವಳು. ಅರ್ಧ ದುಡ್ಡು ನಾನು ಕೊಡ್ತಿದೀನಿ, ಅರ್ಧ ಅವಳು ಮೆಹಂದಿ ಹಾಕಿ ಸಂಪಾದಿಸಿದ್ದು. ಚಿಕ್ಕಮ್ಮನ ಚೀಟಿ ದುಡ್ಡು ಕಾಲೇಜ್ ಫೀಸಿಗೆ ಹೋಯ್ತು. ಆ 22 ಸಾವಿರ ವಾಪಸ್ ಕೊಡೋಕೆ ಎರಡು ಸಲ ಪ್ರಯತ್ನ ಮಾಡಿದೆ. ಚಿಕ್ಕಮ್ಮ ತಗೊಳ್ತಿಲ್ಲ. ‘ಇರ್ಲಿ ಬಿಡು’ ಅಂತಾರೆ. ತಗೊಂಡಿದ್ರೆ ನನಗೆ ಹಗುರ ಆಗ್ತಿತ್ತು, ಬಹುಶಃ ಅದಕ್ಕೇ ತಗೊಳ್ತಿಲ್ಲ.

ತಂಗಿ ಹಾಕಿಸ್ಕೊಂಡಿದ್ದು ಮಾಮೂಲಿ ಸ್ಟೀಲ್ ಕ್ಲಿಪ್ಪು. ಮುಚ್ಚಿಡೋ ಯೋಚನೆಯೇ ಇಲ್ಲ. ಆ ಪುಟ್ಟ ರಬ್ಬರ್ ಉಂಗುರಗಳು ಬಣ್ಣಬಣ್ಣದಲ್ಲಿ ಸಿಗ್ತವೆ. ನವೆಂಬರಲ್ಲಿ ಮೇಲಿನ ಸಾಲಿಗೆ ಹಳದಿ, ಕೆಳಗಿನ ಸಾಲಿಗೆ ಕೆಂಪು ಹಾಕಿಸ್ಕೊಂಡು, ರಾಜ್ಯೋತ್ಸವಕ್ಕೆ ಕಾಲೇಜಲ್ಲಿ ನಾಡಗೀತೆ ಹಾಡಿದ ವಿಡಿಯೋ ಕಳಿಸಿದ್ಲು. ಮದುವೆ ಮನೆಯಲ್ಲಿ ಯಾರೋ ಹೆಂಗಸು, ‘ಏನಾಗಿದೆಯಮ್ಮ ಹಲ್ಲಿಗೆ?’ ಅಂತ ಕೇಳಿದ್ರಂತೆ. ‘ಏನೂ ಆಗಿಲ್ಲ ಆಂಟಿ, ಚೆನ್ನಾಗ್ ಕಾಣ್ಲಿ ಅಂತ’ ಅಂದ್ಲಂತೆ. ಆ ಹೆಂಗಸು ‘ಓ ಹೌದಾ’ ಅಂದು ಪಾಯಸ ಹಾಕಿಸ್ಕೊಳ್ಳೋಕೆ ಹೋದ್ರಂತೆ. ಅಷ್ಟೇ. ನಾನು 19 ತಿಂಗಳು ಹೆದರಿದ್ದು ಈ ‘ಓ ಹೌದಾ’ಗೆ.

ನನ್ನ ಕ್ಲಿಪ್ ತೆಗೆದು ಈಗ ನಾಲ್ಕು ತಿಂಗಳಾಯ್ತು. ಹಲ್ಲು ನೆಟ್ಟಗಿವೆ. ಖುಷಿಯಾಗಿದೀನಾ ಅಂತ ಕೇಳಿದ್ರೆ, ಹೌದು, ತುಂಬಾ. ಅದನ್ನ ಹೇಳೋಕೆ ಇನ್ನು ನಾಚಿಕೆ ಪಡಲ್ಲ. ಆದರೆ ಒಂದು ತಮಾಷೆ. ನಗುವಾಗ ಬಲಗೈ ಈಗಲೂ ಮೇಲೆ ಬರುತ್ತೆ. ಹೋದ ವಾರ ಗಂಡ ಊಟದ ಟೇಬಲ್ಲಲ್ಲಿ ನನ್ನ ಕೈ ಹಿಡಿದು ಕೆಳಗಿಟ್ಟು, ‘70 ಸಾವಿರ’ ಅಂದ.

ಕ್ಲಿಪ್ ತೆಗೆದ್ರೆ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹಲ್ಲಿನ ಸುತ್ತಲ ನಾರುಗಳಿಗೆ ಹಳೇ ಜಾಗದ ನೆನಪು ಹೋಗಲ್ಲ, ವಾಪಸ್ ಎಳೀತಾನೇ ಇರ್ತವೆ. ಹಾಗಾಗಿ ರಿಟೇನರ್. ಮೊದಲ ಆರು ತಿಂಗಳು ಊಟ ಮತ್ತು ಹಲ್ಲುಜ್ಜೋದು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಹೊತ್ತು. ‘ಎಷ್ಟು ವರ್ಷ ಡಾಕ್ಟ್ರೇ’ ಅಂತ ಕೇಳಿದ್ದಕ್ಕೆ, ‘ಹಲ್ಲು ನೆಟ್ಟಗಿರಬೇಕು ಅಂತ ಎಷ್ಟು ವರ್ಷ ಅನ್ನಿಸುತ್ತೋ ಅಷ್ಟು ವರ್ಷ’ ಅಂದ್ರು.

ರೆಕಾರ್ಡಿಂಗ್‌ಗೋಸ್ಕರ ತೆಗೆದು ಡಬ್ಬಿಯಲ್ಲಿಟ್ಟಿದೀನಿ. ಅರ್ಧ ಗಂಟೆ ಆಗ್ತಾ ಬಂತು, ಈಗ ಹಾಕ್ಕೋಬೇಕು. ಹಾಕ್ಕೊಂಡ್ರೆ ಮತ್ತೆ ಸ, ಶ, ಷ ಮೂರೂ ಒಂದೇ. ನಿಮ್ಮ ಕ್ಲಿಪ್ ಕಥೆ, ರಿಟೇನರ್ ಕಳ್ಕೊಂಡ ಕಥೆ ಏನಿದ್ರೂ ವಾಯ್ಸ್ ನೋಟಲ್ಲಿ ಕಳಿಸಿ. ಮುಂದಿನ ಗುರುವಾರ ಸಿಗೋಣ. ಶುಭರಾತ್ರಿ ಅಂತ ಈಗಲೇ ಹೇಳಿಬಿಡ್ತೀನಿ, ಆಮೇಲೆ ಸರಿಯಾಗಿ ಬರಲ್ಲ.